ಮಾಳಗಿ ಏಳ್ತದ ಖರೆ, ಅಡಿಗಿ ಮಾಡಾಕಿನ್ನ ಯಾರ ಕೇಳಿದ್ರು?

ಈ ಸಲದ ಬರಹ ಜಗಳದ ಬರಹ ಅಂತ ಮೊದಲಽ ಹೇಳಿಬಿಡ್ತೇನಿ. ಹೋದ ಸಲ ಸಂಡಿಗಿ ಬಗ್ಗೆ ಬರದಾಗ "ಅಮೆರಿಕಾದಾಗ ಕೂತು ಸಂಡಿಗಿ ಬರೀತೀರಿ, ಅಲ್ಲಿದೇನರೆ ಬರೀರಿ" ಅಂತ ನಾಕಾರು ಮಂದಿ ಅಂದಿದ್ರಿ. ತಗೋರಿ, ಅಲ್ಲಿದಽ ಬರದೇನಿ. ಓದಿ ಸಿಟ್ಟು ಬಂದ್ರ ನನಗ ಬೈಯಬ್ಯಾಡ್ರಿ.

ಮಗಳ ಬಾಣಂತನಕ್ಕ ಅಂತ ಡೆನ್ವರ್ ಹತ್ರ ಬಂದು ನನಗಿದು ಆರನೇ ತಿಂಗಳು. ಕೂಸಿಗೆ ನಾಲ್ಕು ತುಂಬಿ ಐದರಾಗ ಬಿದ್ದದ. ನಾ ಬಂದ ದಿನದಿಂದ ಈ ಮನಿ ಗ್ಯಾರೇಜಿನಾಗ ಗರಗಸದ ಸಪ್ಪಳ ನಿಂತಿಲ್ಲ. ನಮ್ಮ ಅಳಿಯಂದ್ರು ತಮ್ಮ ಪಿಕಪ್ ಗಾಡಿ ಮ್ಯಾಲ ಕೂಡಸಲಿಕ್ಕೆ ಒಂದು ಮನಿ ಕಟ್ಟಲಿಕತ್ತಾರ. ಪಾಪ್-ಟಾಪ್ ಕ್ಯಾಂಪರ್ ಅಂತಾರ ಅದಕ್ಕ.

ಗೊತ್ತಿಲ್ಲದವ್ರಿಗೆ ಒಂದೆರಡು ಮಾತು. ನಮ್ಮ ಕಡೆ ಎಪಿಎಂಸಿಗೆ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬರೋ ಪಿಕಪ್ ಇರ್ತಾವಲ್ಲ, ಅಂಥಾದಽ ಗಾಡಿ, ಆದ್ರ ದೊಡ್ಡದು. ಮುಂದ ಎರಡು ಸಾಲು ಸೀಟು, ಹಿಂದ ಆರು ಫೂಟಿನ ತೆರದ ಜಾಗಾ. ಆ ಜಾಗಾದಾಗ ಸರಿಯಾಗಿ ಕೂಡೋ ಹಂಗ ಒಂದು ದೊಡ್ಡ ಪೆಟ್ಟಿಗಿ ಕಟ್ಟೋದು. ಗಾಡಿ ಓಡೋವಾಗ ಅದರ ಮಾಳಗಿ ಕೆಳಗ ಕೂತಿರ್ತದ, ಗಾಳಿಗೆ ಅಡ್ಡ ಬರೂದಿಲ್ಲ, ಗಿಡದ ಟೊಂಗಿಗೆ ತಾಗೂದಿಲ್ಲ. ನಿಂತ ಮ್ಯಾಲ ಮಾಳಗಿ ಮ್ಯಾಲಕ್ಕ ಎತ್ತಿದ್ರ, ಪೆಟ್ಟಿಗಿಗೂ ಮಾಳಗಿಗೂ ನಡುವ ಮಡಚಿಟ್ಟ ಬಟ್ಟಿ ಗ್ವಾಡಿ ಬಿಚ್ಚಿಕೋತದ, ಹಾರ್ಮೋನಿಯಂ ತಿದಿ ಬಿಚ್ಚಿಧಂಗ. ಆರು ಫೂಟಿನ ಮನಷ್ಯಾ ಒಳಗ ತಲಿ ಎತ್ತಿ ನಿಂದರಬಹುದು. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿಗೆ ವೆಸ್ಟ್‌ಫಾಲಿಯಾ ಕಂಪನಿಯವರು ಇಂಥಾ ಏಳೋ ಮಾಳಗಿ ಕೂಡಿಸಿ ಎಷ್ಟೋ ದಶಕ ಆದುವು. ಈ ದೇಶದಾಗ ಪಿಕಪ್ಪಿಗೆ ಅಂತ ತಯಾರು ಮಾಡಿದ್ದು ಸಿಗ್ತದ, ಆದ್ರ ಒಳಗ ಎಲ್ಲಾ ಸಾಮಾನು ಇದ್ದದ್ದು ಬೇಕಂದ್ರ 20 ಸಾವಿರ ಡಾಲರ್ ದಾಟತದ. ಅದಕ್ಕಽ ಕೈಯಿಂದ ಕಟ್ಟೋ ಮಂದಿ ಭಾಳ.

ಊರಾಗಿನ ನಮ್ಮ ಬಳಗಕ್ಕ ಇದರ ಫೋಟೋ ಕಳಿಸಿದಾಗ ಒಬ್ರು ಬರದ್ರು: "ಎಂ.ಎಸ್. ಮಾಡಿ ಅಮೆರಿಕಾಕ್ಕ ಹೋಗಿ ಬಡಿಗ್ಯಾರ ಕೆಲಸ ಮಾಡೂದಾತಲ್ಲ." ಕೆಳಗ ನಾಕು ಮಂದಿ ನಕ್ಕ ಮಾರಿ ಒತ್ಯಾರ. ಅಲ್ರೀ, ನಿಮ್ಮ ಮೊಮ್ಮಗನ ತೊಟ್ಲಾ ಮಾಡಿದವ್ರು ಯಾರು? ನಿಮ್ಮ ದೇವರ ಮಂಟಪ ಮಾಡಿದವ್ರು ಯಾರು? ಕಂಪ್ಯೂಟರ್ ಮುಂದ ಕೂತು ಬೆನ್ನು ಬಗ್ಗಿಸಿಕೊಂಡ ಹುಡುಗ ಶನಿವಾರ-ರವಿವಾರ ಕೈಯಾಗ ಉಳಿ ಹಿಡದ್ರ ನಿಮಗ್ಯಾಕ ನಗು? ಅವರ ಮ್ಯಾಲ ನನಗ ಸಿಟ್ಟದ, ಆದ್ರ ಈ ಕಾರಣಕ್ಕ ಅಲ್ಲ. ಈ ಕಾರಣಕ್ಕ ನನಗ ಅಭಿಮಾನಽ ಅದ.

ಅವರು ಗ್ವಾಡಿ ಮಾಡಿದ್ದು ಹೆಂಗ ಅಂತ ನೋಡಿದ್ರ ನೀವೂ ಬೆರಗಾಗ್ತೀರಿ. ಎರಡು ಇಂಚಿನ ಗಟ್ಟಿ ಫೋಮಿನ ಹಲಗಿ, ಅದರ ಎರಡೂ ಮಗ್ಗಲಾ ತೆಳ್ಳನ ಪ್ಲೈವುಡ್, ಅದರ ಮ್ಯಾಲ ಕ್ಯಾನ್ವಾಸ್ ಬಟ್ಟಿ ಎಳದು ಕಟಿಗಿ ಅಂಟಿನಾಗ ತೋಯಿಸಿ ಕೂಡಿಸಿ, ಒಣಗಿದ ಮ್ಯಾಲ ಹೊರಗಿನ ಗ್ವಾಡಿಗೆ ಹಚ್ಚೋ ಬಣ್ಣ ಮೂರು ಸಲ. ಬಡವರ ಫೈಬರ್‌ಗ್ಲಾಸ್ ಅಂತಾರಂತ ಇದಕ್ಕ. ನಾ ನೋಡಿ, "ಅಯ್ಯ, ಇದು ಮರಕ್ಕ ಮೆಂತ್ಯ-ಕಾಗದ ಬಳಿಯೋ ಕೆಲಸ" ಅಂದೆ. ನಮ್ಮ ಅವ್ವ ಹಳೇ ಕಾಗದ ನೆನೆ ಹಾಕಿ, ಮೆಂತ್ಯ ಅರದು ಕೂಡಿಸಿ, ಬಿದಿರಿನ ಮರದ ಸಂದಿಗೊಂದಿಗೆಲ್ಲಾ ಬಳೀತಿದ್ಲು. ಹಗರಾಗಿರ್ತದ, ಗಟ್ಟಿ ಇರ್ತದ, ರವಾ ಹಾಕಿದ್ರ ಒಂದು ಕಾಳು ಸೋರೂದಿಲ್ಲ. ಅಳಿಯಂದ್ರು ಕೇಳಿ ಭಾಳ ಖುಷಿಪಟ್ರು. ಅಲ್ಲಿ ತನಕ ಅತ್ತಿ-ಅಳಿಯಾ ಚೊಲೋನಽ ಇದ್ವಿ.

ಜಗಳ ಸುರು ಆದದ್ದು ಒಳಗಿನ ನಕ್ಷಾ ನೋಡಿದ ದಿನ.

ಬಾಗಲದಿಂದ ಒಳಗ ಹೋದ್ರ ಎಡಕ್ಕ ಅಡಿಗಿಮನಿ. ಎರಡು ಬರ್ನರಿನ ಒಲಿ, ಮುಕ್ಕಾಲು ಇಂಚಿನ ಪ್ಲೈವುಡ್ಡಿನ ಕಟ್ಟಿ, ಸಿಂಕು, ಕೆಳಗ 20 ಗ್ಯಾಲನ್ ನೀರಿನ ಟಾಕಿ, ಫ್ರಿಜ್ಜು. ಬಲಕ್ಕ ನಾನೂ ಕೂಸೂ ಮಲಗೋ ಬೆಂಚು. ಮ್ಯಾಲ, ಡ್ರೈವರನ ತಲಿ ಮ್ಯಾಲ ಚಾಚಿದ ಭಾಗದಾಗ, ಅವರಿಬ್ಬರ ಹಾಸಿಗಿ. ಒಲಿಗೂ ಹಾಸಿಗಿಗೂ ನಡುವ ಒಂದು ಮೊಳ. ಒಲಿಗೂ ಬಟ್ಟಿ ಗ್ವಾಡಿಗೂ ನಡುವ ಅದಕಿಂತಾ ಕಡಿಮಿ.

"ಅತ್ಯಾರ, ಇದು ನಿಮಗ ಅಂತಽ ಮಾಡೇನಿ, ನಿಮಗ ಅಡಿಗಿ ಮಾಡಲಿಕ್ಕೆ ತ್ರಾಸ ಆಗಬಾರದು" ಅಂದ್ರು ಅಳಿಯಂದ್ರು.

ಈ ಮಾತಿನ ಮ್ಯಾಲ ನನ್ನ ಜಗಳ. ನನಗ ಅಂತ ಮಾಡಿದ್ರ ನನ್ನ ಕೇಳಬೇಕಿತ್ತಲ್ಲ? ಮಾಳಗಿ ಎತ್ತೋ ಮಡಚೋ ಹಲಗಿ ಬಗ್ಗೆ ಎಷ್ಟು ವಿಡಿಯೊ ನೋಡಿದ್ರು, ಎಷ್ಟು ದೋಸ್ತರನ್ನ ಕೇಳಿದ್ರು, ಗ್ಯಾಸಿನ ಸ್ಪ್ರಿಂಗ್ ಎಷ್ಟು ಜೋರಿಂದು ಬೇಕು ಅಂತ ಎರಡು ವಾರ ಲೆಕ್ಕಾ ಹಾಕಿದ್ರು! ಮೂವತ್ತು ವರ್ಷ ಒಲಿ ಮುಂದ ನಿಂತಾಕಿ ಮನ್ಯಾಗಽ ಇದ್ಲು, ಒಲಿ ಎಲ್ಲಿಡಲಿ ಅಂತ ಒಂದು ಮಾತು ಕೇಳಲಿಲ್ಲ. ಇದು ನಮ್ಮ ಅಳಿಯಂದ್ರ ಒಬ್ಬರದಽ ತಪ್ಪಲ್ಲ. ಅವರು ನೋಡೋ ಎಲ್ಲಾ ವಿಡಿಯೊ ನಾನೂ ಹಿಂದ ನಿಂತು ನೋಡೇನಿ. ಅರ್ಧಾ ತಾಸು ಮಾಳಗಿ, ಅರ್ಧಾ ತಾಸು ಬ್ಯಾಟರಿ, ಕಡೀಕ ಎರಡು ನಿಮಿಷ "ಮತ್ತ ಇದು ನಮ್ಮ ಕಿಚನ್ನು" ಅಂತ ಒಬ್ಬಾಕಿ ಕೂತಲ್ಲೇ ಕಾಫಿ ಕಾಸಿ ನಗ್ತಾಳ. ಕಾಫಿ ಕಾಸಲಿಕ್ಕೆ ಯಾವ ಜಾಗಾ ಆದ್ರೂ ನಡೀತದ್ರೀ. ಒಗ್ಗರಣಿ ಹಾಕಿ ತೋರಿಸಂತ ಹೇಳ್ರಿ ಆಕಿಗೆ.

ಸಾಸಿವಿ ಸಿಡಿತದ. ಎಣ್ಣಿ ಹಾರತದ. ಇಂಗಿನ ವಾಸನಿ ಹಾಸಿಗಿಗೆ ಹತ್ತಿದ್ರ ವಾರಗಟ್ಟಲೆ ಹೋಗೂದಿಲ್ಲ. ಮತ್ತ ಈ ಗುಡ್ಡದ ನಾಡಿನಾಗ ಕುಕ್ಕರ್ ಇಲ್ಲದ ನಡಿಯೂದಿಲ್ಲ. ಡೆನ್ವರಽ 5,280 ಅಡಿ ಎತ್ತರದಾಗ ಅದ. ನಮ್ಮ ಧಾರವಾಡ ಅದರ ಅರ್ಧಾನೂ ಇಲ್ಲ. ಇವರು ಹೋಗೋದು 8,500 ಅಡಿ ಮ್ಯಾಲ. ಅಲ್ಲಿ ನೀರು 91 ಡಿಗ್ರಿ ಆಸುಪಾಸಿಗೇ ಕುದೀತದ. ತೆರದ ಪಾತೇಲ್ಯಾಗ ತೊಗರಿಬ್ಯಾಳಿ ಇಟ್ರ ಕುದ್ದು ಕುದ್ದು ನೀರು ಆರತದ ವಿನಾ ಬ್ಯಾಳಿ ಮೆತ್ತಗಾಗೂದಿಲ್ಲ. ಕುಕ್ಕರ್ ಇಡಬೇಕು. ಸೀಟಿ ಹೊಡದ್ರ ಉಗಿ ಎಲ್ಲಿ ಹೋಗ್ತದ? ಸೀದಾ ಬಟ್ಟಿ ಗ್ವಾಡಿಗೆ, ಅಲ್ಲಿಂದ ಕೂಸಿನ ಕುಂಚಿಗಿ ಮ್ಯಾಲ.

ಇನ್ನ ಕರಡಿ ಮಾತು. ನಗಬ್ಯಾಡ್ರಿ, ಇಲ್ಲಿ ಕರಡಿ ಖರೇನಽ ಬರ್ತಾವು. ಯೆಲ್ಲೋಸ್ಟೋನ್ ಕಾಡಿನ ಫಿಷಿಂಗ್ ಬ್ರಿಜ್ ಅನ್ನೋ ಠಾಣ್ಯಾದಾಗ ಬಟ್ಟಿ ಗ್ವಾಡಿ ಇರೋ ಕ್ಯಾಂಪರಿಗೆ ಪ್ರವೇಶನಽ ಇಲ್ಲ, ಗಟ್ಟಿ ಗ್ವಾಡಿದ್ದಽ ಬೇಕು, ಕಾರಣ ಕರಡಿ. ಅಂಥಾ ನಾಡಿನಾಗ ನಾನು ರಾತ್ರಿ ಸಾರಿಗೆ ಒಗ್ಗರಣಿ ಕೊಟ್ಟು, ಅದಽ ವಾಸನ್ಯಾಗ, ಒಂದು ಬಟ್ಟಿ ಅಡ್ಡ ಇಟ್ಟುಕೊಂಡು ಕೂಸಿನ್ನ ಮಲಗಿಸಿಕೋಬೇಕಂತ!

ಭಾರತ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗೋ ಮಂದೀನ್ನ ನೀವೂ ನೋಡೀರಿ. ಬಂಡಿ ಒಳಗ ಹುಲ್ಲು, ಹುಲ್ಲಿನ ಮ್ಯಾಲ ಕೌದಿ, ಅದರ ಮ್ಯಾಲ ಮಕ್ಕಳು-ಮುದುಕರು. ಅಡಿಗಿ? ಹೊರಗ, ಮೂರು ಕಲ್ಲಿನ ಮ್ಯಾಲ. ಬಂಡಿ ಕಮಾನಿನ ಒಳಗ ಯಾರರೆ ಒಲಿ ಹಚ್ಚಿದ್ದು ನೋಡೀರೇನು? ಅವರಿಗೆ ಮರ್ಯಾದಿ ಡಿಗ್ರಿ ಇರಲಿಲ್ಲ ಅಷ್ಟಽ. ಮಲಗೋದು ಒಳಗ, ಉರಿ ಹೊರಗ, ಇಷ್ಟು ಸರಳ ಮಾತು.

ಅಳಿಯಂದ್ರು ಇದಕ್ಕೆಲ್ಲಾ ನಕ್ಕು ಸುಮ್ಮನಾದ್ರು. ಅವರ ಬಾಯಿ ಕಟ್ಟಿದ್ದು ಯಾದಿ.

ಗಾಡಿ ಡ್ರೈವರ್ ಬಾಗಲದ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿರ್ತಾರ: ಮಂದಿ, ಸಾಮಾನು ಎಲ್ಲಾ ಸೇರಿ ಇಷ್ಟಕಿಂತಾ ಹೆಚ್ಚು ಭಾರ ಹೇರಬಾರದು ಅಂತ. ಇವರ ಗಾಡೀದು 1,240 ಪೌಂಡ್, ಅಂದ್ರ 562 ಕಿಲೋ. ನಾನು ಕಿರಾಣಿ ಯಾದಿ ಬರಿಯೋ ಹಾಳ್ಯಾಗ ಬರದೆ. ಅಳಿಯಂದ್ರು 78, ಮಗಳು 62, ನಾನು 66 (ಮುಚ್ಚಿಡೋದೇನದ), ಕೂಸು-ಕೂಸಿನ ಸೀಟು ಸೇರಿ 15. ಅಲ್ಲಿಗೆ 221 ಆತು, ಉಳದದ್ದು 341. ಈಗ ಪೆಟ್ಟಿಗಿ, ಅವರ ಅಂದಾಜಿನ ಪ್ರಕಾರ 180. ನೀರು 20 ಗ್ಯಾಲನ್ ಅಂದ್ರ 76 ಕಿಲೋ, ಟಾಕಿ ಭಾರ ಬಿಟ್ಟು. ಬ್ಯಾಟರಿ 30. ಫ್ರಿಜ್ಜು 20. ಗ್ಯಾಸ್ ತುಂಬಿದ ಸಿಲಿಂಡರು 17. ಅಡಿಗಿ ಕಟ್ಟಿ ಪ್ಲೈವುಡ್ಡು 30. ಕೂಡಿಸ್ರಿ, 353 ಆತು. 12 ಕಿಲೋ ಮೀರಿ ಹೋತು, ಇನ್ನೂ ಒಂದು ತಾಟು, ಒಂದು ಲಂಗೋಟಿ ಇಟ್ಟಿಲ್ಲ! ಹಾಸಿಗಿ-ಕೌದಿ 15, ಅರಿವಿ 20, ಪಾತೇಲಿ-ಕುಕ್ಕರ್-ಕಾಳುಕಡಿ 25, ಅವರ ಹತ್ಯಾರ 15 ಅಂತ ಹಿಡದ್ರ ಇನ್ನ 75. ಒಟ್ಟು 87 ಕಿಲೋ ಹೆಚ್ಚಿಗಿ. ಗುಡ್ಡದ ಇಳಿಜಾರಿನಾಗ ಬ್ರೇಕ್ ಒತ್ತಿದಾಗ ಆ 87 ಕಿಲೋ ಸುಮ್ಮನ ಕೂಡತಾವೇನು?

ಅವರು ಹಾಳಿ ನೋಡಿದ್ರು. ಎರಡು ಸಲ ಕೂಡಿಸಿದ್ರು. "ನಾ ಪೆಟ್ಟಿಗಿದಷ್ಟಽ ಲೆಕ್ಕಾ ಹಿಡದಿದ್ದೆ ಅತ್ಯಾರ" ಅಂದ್ರು. ಮಂದೀನ್ನ ಬಿಟ್ಟು ಮನಿ ಲೆಕ್ಕಾ!

ಇಷ್ಟಾದ್ರೂ ಒಲಿ ಒಳಗಿಂದ ಹೊರಗ ಹೋಗಲಿಲ್ಲ. "ಹೊರಗ ಮಳಿ-ಹಿಮಾ ಬಿದ್ರ ಎಲ್ಲಿ ಅಡಿಗಿ ಮಾಡ್ತೀರಿ?" ಅಂತ ಅವರದೂ ಒಂದು ಪ್ರಶ್ನಿ. ಪ್ರಶ್ನಿ ಖರೆ ಅದ, ಒಪ್ಪತೇನಿ. ಆದ್ರ ಹಿಮಾ ಬೀಳೋ ದಿನ ಹುಳಿ-ಅನ್ನನಽ ಆಗಬೇಕಂತ ಯಾರ ಹೇಳಿದ್ರು? ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಹಚ್ಚಿದ ಅವಲಕ್ಕಿ. ಒಂದು ಡಬ್ಬಿ ಖಡಕ್ ರೊಟ್ಟಿ ಎಷ್ಟು ತೂಗ್ತದ? ವಾರ ಇಟ್ರೂ ಕೆಡೂದಿಲ್ಲ. ಇಂಥಾ ಗಾಡಿಗೆ ಅಂತಽ ಮಾಡಿಟ್ಟಂಥಾ ಊಟ ನಮ್ಮ ಕಡೇದು, ಮತ್ತ ಇವರು ಎರಡು ಬರ್ನರ್ ಒಲಿ ಹೊತ್ತು ಗುಡ್ಡಾ ಹತ್ತತಾರಂತ.

ಈಗ ಬಟ್ಟಿ ಗ್ವಾಡಿ ಸುದ್ದಿ. ಅದನ್ನ ಹೊಲದಾಕಿ ನಾನು. ಪ್ಲಾಸ್ಟಿಕ್ ಲೇಪದ ದಪ್ಪನ ಬಟ್ಟಿ, ಮಗಳ ಸಾದಾ ಮಶೀನು. ದಪ್ಪ ಸೂಜಿ ಹಾಕಿ, ಮೂಲ್ಯಾಗ ನಾಕು ಪದರ ಬಂದಲ್ಲಿ ಗಾಲಿ ಕೈಲೆ ತಿರಿಗಿಸಿ ಒಂದೊಂದಽ ಹೊಲಿಗಿ. ಕೌದಿ ಹೊಲದ ಕೈ ಇದು, ಇಲ್ಲಂದ್ರ ಆಗ್ತಿರಲಿಲ್ಲ. ಹೊಲಿಗಿ ತೂತಿಗೆಲ್ಲಾ ಆಮ್ಯಾಲ ನೀರು ಸೋರದ ಅಂಟು ಹಚ್ಚಿದ್ವಿ. ಅಳಿಯಂದ್ರು ಕೊಟ್ಟ ನಕ್ಷಾದಾಗ ಗ್ವಾಡಿಗೆ ಒಂದೂ ಕಿಡಕಿ ಇರಲಿಲ್ಲ. ಥಂಡಿ ಒಳಗ ಬರಬಾರದು ಅಂತ. ನಾ ಕೇಳದಽ ಎದುರಾಬದುರು ಎರಡು ಕಿಡಕಿ ಇಟ್ಟು ಹೊಲದೆ, ಜಾಳಗಿ ಹಾಕಿ, ಮ್ಯಾಲ ಮುಚ್ಚಲಿಕ್ಕೆ ಜಿಪ್ಪಿನ ಪರದೆ. ಎರಡು ದಿನ ಅತ್ತಿ-ಅಳಿಯಾ ಮಾತು ಕಡಿಮಿ ಇತ್ತು.

ಅಕ್ಟೋಬರ್ ಮೊದಲನೇ ವಾರ ಮನಿ ಮುಂದಿನ ಜಾಗಾದಾಗಽ ಒಂದು ರಾತ್ರಿ ಮಲಗಿ ನೋಡೂಣು ಅಂದ್ರು. ಹೊರಗ ನೀರು ಗಡ್ಡಿಗಟ್ಟೋ ಥಂಡಿ. ಅವರು ಎರಡೂ ಪರದೆ ಜಿಪ್ ಎಳದು, ಸಣ್ಣ ಪ್ರೊಪೇನ್ ಹೀಟರ್ ಹಚ್ಚಿದ್ರು. ಅದಕ್ಕ ಹೊಗಿ ಹೊರಗ ಹಾಕೋ ಕೊಳವಿ ಇಲ್ಲ, ಉರದದ್ದೆಲ್ಲಾ ಒಳಗಽ. ಒಂದು ತಾಸಿನ್ಯಾಗ ಮಾಳಗಿಯಿಂದ ಟಪ್ ಅಂತ ಒಂದು ಹನಿ ನನ್ನ ಹಣಿ ಮ್ಯಾಲ. ದೀಪಾ ಹಚ್ಚಿ ನೋಡಿದ್ರ ಬಟ್ಟಿ ಗ್ವಾಡಿ ತುಂಬ ನೀರು ಇಳೀಲಿಕತ್ತದ, ಕೂಸಿನ ಹೊದಿಕಿ ಹಸಿ. ಮಗಳು "ಅವ್ವಾ, ತಲಿ ಯಾಕೋ ಭಾರ ಅನಸಲಿಕತ್ತದ" ಅಂದ್ಲು. ನಿದ್ದಿಗೆಟ್ಟ ಬಾಣಂತಿ, ಯಾತಕ್ಕ ತಲಿ ಭಾರೋ ನಾ ಹೇಳಲಾರೆ. ಆದ್ರ ನಾ ಕಾರಣಾ ಹುಡುಕಿಕೋತ ಕೂಡಲಿಲ್ಲ. ಹೀಟರ್ ಆರಿಸಿ, ಎರಡೂ ಕಿಡಕಿ ತೆರದು, ಕೂಸಿನ್ನ ಎತ್ತಿಕೊಂಡು ಮನಿ ಒಳಗ ನಡದೆ.

ಮರುದಿನ ಮುಂಜಾನೆ ಚಹಾದ ಜೋಡಿ ಪಾಠ ಮಾಡಿದೆ. ನಾ ಪಿಯುಸಿ ಸೈನ್ಸ್ ಪಾಸಾದಾಕಿ, ಮುಂದ ಓದಸಲಿಲ್ಲ, ಆದ್ರ ಓದಿದ್ದು ಮರತಿಲ್ಲ. ಪ್ರೊಪೇನಿನಾಗ ಕಾರ್ಬನ್ ಮೂರು, ಹೈಡ್ರೋಜನ್ ಎಂಟು. ಉರದ್ರ ಒಂದು ಕಿಲೋಕ್ಕ ಸುಮಾರು 1.6 ಕಿಲೋ ನೀರು ಹೊರಬೀಳ್ತದ. ಅದು ಗ್ವಾಡಿಗೆ ಕೂತ ನೀರು, ಕಣ್ಣಿಗೆ ಕಾಣಸ್ತದ. ಗಾಳಿ ಸಾಲದ ಉರದ್ರ ಹುಟ್ಟೋ ಕಾರ್ಬನ್ ಮೊನಾಕ್ಸೈಡು ಕಾಣಸೂದಿಲ್ಲ, ವಾಸನೀನೂ ಇಲ್ಲ. ಮುಚ್ಚಿದ ಖೋಲ್ಯಾಗ ಇದ್ದಲಿ ಶೇಗಡಿ ಇಟ್ಟುಕೊಂಡು ಮಲಗಿದವ್ರು ಮುಂಜಾನೆ ಏಳಲಾರದ ಸುದ್ದಿ ನಾವು ಪ್ರತಿ ಚಳಿಗಾಲ ಪೇಪರಿನಾಗ ಓದತೇವಿ. "ಅದು ಇದ್ದಲಿ, ಇದು ಗ್ಯಾಸು" ಅಂತ ಅಳಿಯಂದ್ರು ಅನ್ನಲಿಕ್ಕೆ ಬಂದ್ರು. ಇದ್ದಲಿಗಿಂತಾ ಕಡಿಮಿ ಹುಟ್ಟಬಹುದು, ಇಷ್ಟು ಸಣ್ಣ ಪೆಟ್ಟಿಗ್ಯಾಗ ನಾಕು ಜೀವ ಉಸರಾಡೋವಾಗ ಕಡಿಮೀನೂ ಸಾಕು. ತಯಾರು ಮಾಡಿ ಮಾರೋ ಕ್ಯಾಂಪರಿನಾಗ ಮೊನಾಕ್ಸೈಡಿಗೆ ಒಂದು, ಗ್ಯಾಸ್ ಸೋರಿದ್ರ ಒಂದು ಅಂತ ಗಂಟಿ ಇರ್ತಾವು. ಇವರ ಸಾಮಾನಿನ ಯಾದಿಯೊಳಗ ನಾಕು ನಮೂನಿ ಎಲ್‌ಇಡಿ ದೀಪಾ ಇದ್ವು, ಗಂಟಿ ಇರಲಿಲ್ಲ. ಮತ್ತ ಸೋರಿದ ಪ್ರೊಪೇನ್ ಗಾಳಿಗಿಂತಾ ಭಾರ, ಕೆಳಗ ಹೋಗಿ ಕೂಡತದ. ಕೆಳಗ ಯಾರು ಮಲಗಿದ್ರು? ನಾನೂ ಕೂಸೂ.

ಅವರು ಏನೂ ಮಾತಾಡಲಿಲ್ಲ. ಮಧ್ಯಾಹ್ನ ಹೋಗಿ ಎರಡು ಗಂಟಿ ತಂದು, ಸೋರಿಕಿಂದು ನೆಲದ ಹತ್ರ, ಮೊನಾಕ್ಸೈಡಿಂದು ಮಲಗೋ ಮಟ್ಟಕ್ಕ ಹಚ್ಚಿದ್ರು. ಸಂಜಿ ಒಲಿ ಕಿತ್ತು ಗಾಡಿ ಹಿಂಬಾಗಲದ ಹಲಗಿ ಮ್ಯಾಲ ಇಟ್ಟು, "ಇಲ್ಲಿ ಇದ್ರ ನಿಮಗ ನಿಂತು ಮಾಡಲಿಕ್ಕೆ ಎತ್ತರ ಸರಿ ಅದನೇನು ಅತ್ಯಾರ?" ಅಂತ ಕೇಳಿದ್ರು. ಎರಡು ಇಂಚು ತಗ್ಗಿತ್ತು. ಒಂದು ಹಲಗಿ ಇಟ್ಟು ಎತ್ತರ ಮಾಡಿದ್ರು. ಮಳಿಗೆ ಅಂತ ಮ್ಯಾಲ ಒಂದು ತಾಡಪತ್ರಿ ಕಟ್ಟೋ ಕೊಕ್ಕಿ. ಅರ್ಧಾ ದಿನದ ಕೆಲಸ. ಇದನ್ನ ಮೇ ತಿಂಗಳದಾಗ ಕೇಳಿದ್ರ ಏನ ಆಗ್ತಿತ್ತು?

ಇದನ್ನ ಓದಿ ಹುಬ್ಬಳ್ಳಿ-ಧಾರವಾಡದ ಯಾರರೆ ಹುಡುಗ್ರು ಬೊಲೆರೊ ಪಿಕಪ್ ಮ್ಯಾಲ ಕಟ್ಟಲಿಕ್ಕೆ ಹೊಂಟಿದ್ರ ಸ್ವಲ್ಪ ನಿಂದರ್ರಿ. ನಮ್ಮ ದೇಶದಾಗ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದ. ಆರ್‌ಸಿ ಪುಸ್ತಕದಾಗ ಇದ್ದದ್ದಕ್ಕ ಬ್ಯಾರೆ ಆಗೋ ಹಂಗ ಗಾಡಿ ಬದಲಿ ಮಾಡಬಾರದು ಅಂತ, ಸುಪ್ರೀಂ ಕೋರ್ಟೂ 2019ರಾಗ ಅದನ್ನಽ ಗಟ್ಟಿ ಮಾಡೇದ. ಮಾಲು ಹೇರೋ ಗಾಡಿ ಹಿಂದ ಮಂದೀನ್ನ ಕೂಡಿಸಿಕೊಂಡು ಓಡಸೋದಂತೂ ಬ್ಯಾಡಽ ಬ್ಯಾಡ. ಮೊದಲ ಆರ್‌ಟಿಒದಾಗ ಕೇಳ್ರಿ, ಆಮ್ಯಾಲ ಪ್ಲೈವುಡ್ ತರ್ರಿ.

ನಮ್ಮ ಪೆಟ್ಟಿಗಿ ಈಗ ಹೆಂಗದ ಅಂದ್ರ: ಅಡಿಗಿ ಕಟ್ಟಿ ಹೋತು, 30 ಕಿಲೋ ಉಳೀತು. ನೀರಿನ ಟಾಕಿ ಬದಲಿ ಹತ್ತು ಲೀಟರಿನ ಎರಡು ಕ್ಯಾನು, 56 ಉಳೀತು. ದೊಡ್ಡ ಸಿಲಿಂಡರಿನ ಬದಲಿ ಸಣ್ಣವು ಎರಡು, 15. ಒಟ್ಟು 101. ಇನ್ನ ಚಿಂತಿ ಇಲ್ಲ ಅಂದುಕೊಂಡು ಹೆದ್ದಾರಿ ಬದಿ ಲಾರಿ ತೂಗೋ ತಕ್ಕಡಿ ಮ್ಯಾಲ ಗಾಡಿ ನಿಲ್ಲಿಸಿ ನೋಡಿದ್ರ, ಪೆಟ್ಟಿಗಿ ಅವರು ಅಂದಾಜು ಮಾಡಿದ 180 ಅಲ್ಲ, 196 ಅದ. ಆ ಅಂಟು, ಆ ಮೂರು ಸಲದ ಬಣ್ಣ ತಿಂದಾವು ಭಾರ. ಈಗ ಫ್ರಿಜ್ಜು ಇಟ್ರ ಚೀಟಿಗಿಂತಾ 2 ಕಿಲೋ ಹೆಚ್ಚು, ತಗದ್ರ 18 ಕಿಲೋ ಕಡಿಮಿ.

ಹೋದ ರವಿವಾರ ಫ್ರಿಜ್ಜು ಬಿಟ್ಟು, ಬರ್ಫಿನ ಡಬ್ಬಿ ಒಯ್ದು, ಗುಡ್ಡಕ್ಕ ಹೋಗಿ ಒಂದು ರಾತ್ರಿ ಇದ್ದು ಬಂದ್ವಿ. ಹೀಟರ್ ಒಯ್ಯಲಿಲ್ಲ, ಎರಡೂ ಕಿಡಕಿ ನಾಕು ಬೆರಳು ತೆರದಿಟ್ಟು, ಎರಡು ಕೌದಿ, ಬಿಸಿನೀರಿನ ಚೀಲ. ಮುಂಜಾನೆ ಎದ್ದಾಗ ಗ್ವಾಡಿ ಒಂಚೂರು ತಂಪಿತ್ತು, ಹನಿ ಇರಲಿಲ್ಲ. ಹಿಂಬಾಗಲದಾಗ ನಿಂತು ಉಪ್ಪಿಟ್ಟಿಗೆ ಒಗ್ಗರಣಿ ಹಾಕಿದೆ. ಸಾಸಿವಿ ಸಿಡದು ಹುಲ್ಲಿನಾಗ ಬಿದ್ದುವು. ಪಕ್ಕದ ಗಾಡಿಯವ್ರು ವಾಸನಿ ಹಿಡದು ಬಂದು ಮಾಳಗಿ ನೋಡಿ "ಯಾರು ಮಾಡಿದ್ದು?" ಅಂತ ಕೇಳಿದ್ರು. ಅಳಿಯಂದ್ರು "ನಾನು" ಅಂದು, ನನ್ನ ಮಾರಿ ನೋಡಿ, "ಬಟ್ಟಿ ಗ್ವಾಡಿ ನಮ್ಮ ಅತ್ತಿಯವರದು" ಅಂದ್ರು. ಕಿಡಕಿ ಯಾರ ಬುದ್ಧಿ ಅಂತ ಹೇಳಲಿಲ್ಲ. ಇರಲಿ.

ಫ್ರಿಜ್ಜಿನ ಜಗಳ ಇನ್ನೂ ಮುಗದಿಲ್ಲ. "ಎರಡು ಕಿಲೋಕ್ಕ ಏನಾಗ್ತದ ಅತ್ಯಾರ?" ಅಂತಾರ. ಕೂಸು ತಿಂಗಳಿಗೆ ಅರ್ಧಾ ಕಿಲೋ ಬೆಳೀಲಿಕತ್ತದ, ಅದನ್ನ ಯಾವ ಲೆಕ್ಕದಾಗ ಹಿಡೀತೀರಿ ಅಂತ ನಾ ಕೇಳೇನಿ. ಇನ್ನೂ ಉತ್ತರ ಬಂದಿಲ್ಲ.